ಗುರುತಿನ ಮಚ್ಚೆ

ಕಳೆದ ಜುಲೈ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿದ್ದಾಗ, ವಿದ್ಯಾರ್ಥಿವೇತನದ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ಎರಡನೇ ವರ್ಷದ ಬಿ.ಎ. ಓದುವ ಹುಡುಗಿಯೊಬ್ಬಳು ನನ್ನ ಮೇಜಿನ ಬಳಿ ಬಂದು ನಿಂತಳು. ಛತ್ರಿಯಿದ್ದರೂ ಅರ್ಧ ನೆನೆದಿದ್ದಳು. ಅರ್ಜಿಯನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನವಾಗಿ ತಂದಿದ್ದಳು. ಅರ್ಜಿಯಲ್ಲಿ ‘ಗುರುತಿನ ಚಿಹ್ನೆ’ ಎಂಬ ಕಾಲಂ ಇತ್ತು, ಅದರ ಮುಂದೆ ‘ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ’ ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದಳು. ನಾಲ್ಕು ಬೆರಳು ಮೇಲೆ ಅಂಟಿಸಿದ್ದ ಭಾವಚಿತ್ರದಲ್ಲಿ ಆ ಮಚ್ಚೆ ಇರಲಿಲ್ಲ. ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ಅಲ್ಲಿ ಅದು ಇತ್ತು, ಒಂದು ಸಾಸಿವೆಕಾಳಿನಷ್ಟು. ಚಿತ್ರದಲ್ಲಿ ಅವಳ ಗದ್ದ ಒಂದಿಷ್ಟು ಚೂಪಾಗಿತ್ತು, ಮೂಗು ಸಣ್ಣದಾಗಿತ್ತು, ಬಣ್ಣ ಗೋಧಿಯಿಂದ ಹಾಲಿನ ಕಡೆಗೆ ಸರಿದಿತ್ತು.

ಕೇಳಿದ್ದಕ್ಕೆ ಅವಳು ಗಾಬರಿಯಿಂದ, “ನಾನೇನೂ ಮಾಡಿಲ್ಲ ಮೇಡಂ, ಫೋನಿನಲ್ಲಿ ತೆಗೆದರೆ ಅದು ತಾನಾಗೇ ಹೋಗಿಬಿಡುತ್ತೆ” ಎಂದಳು. ಅದು ಸುಳ್ಳಾಗಿರಲಿಲ್ಲ. ಈಗಿನ ಅನೇಕ ಫೋನುಗಳ ಮುಂದಿನ ಕ್ಯಾಮೆರಾದಲ್ಲಿ ಮುಖವನ್ನು ‘ಚೆಂದ’ ಮಾಡುವ ವ್ಯವಸ್ಥೆ ಕೊಂಡ ದಿನದಿಂದಲೇ ಚಾಲೂ ಇರುತ್ತದೆ. ಅದನ್ನು ನಿಲ್ಲಿಸಬಹುದು ಎಂಬುದು ಗೊತ್ತಿಲ್ಲದವರೇ ಹೆಚ್ಚು. ಬೇರೆ ಫೋಟೋ ತೆಗೆಸಿಕೊಂಡು ಬಾ ಎಂದು ನಾನು ಹೇಳಿದಾಗ ಅವಳ ಮುಖ ಬಾಡಿತು. “ಬೇರೆ ಕಡೆ ತೆಗೆಸಿದರೆ ನಾನು ಸರಿಯಾಗಿ ಬರಲ್ಲ ಮೇಡಂ. ಇದೇ ಸರಿಯಾದ ಫೋಟೋ.” ಈ ‘ಸರಿಯಾದ’ ಎಂಬ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹೆಣ್ಣುಮಕ್ಕಳು ತಮ್ಮ ರೂಪದ ಬಗ್ಗೆ ಕೊರಗುವುದು ಹೊಸದಲ್ಲ, ಪತ್ರಿಕೆ, ಸಿನಿಮಾ, ಟಿ.ವಿ.ಗಳು ಆ ಕೊರಗಿಗೆ ಗೊಬ್ಬರ ಹಾಕಿದ್ದೂ ಹೊಸದಲ್ಲ. ಆದರೆ ನಾನು ಪಾಠ ಹೇಳಲು ಸೇರಿದ ಕಾಲದ ಹುಡುಗಿ ತನ್ನನ್ನು ಒಬ್ಬ ನಾಯಕಿಯ ಜೊತೆಗೆ ಹೋಲಿಸಿಕೊಂಡು ನೋಯುತ್ತಿದ್ದಳು. ಆ ನಾಯಕಿ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇದ್ದಳು, ಅವಳ ಲೋಕ ಬೇರೆ, ನಮ್ಮ ಲೋಕ ಬೇರೆ ಎಂದು ಸಮಾಧಾನ ಹೇಳಿಕೊಳ್ಳಲು ಜಾಗವಿತ್ತು. ಇಂದಿನ ಹುಡುಗಿ ತನ್ನನ್ನು ಹೋಲಿಸಿಕೊಳ್ಳುತ್ತಿರುವುದು ತನ್ನದೇ ತಿದ್ದಿದ ಮುಖದ ಜೊತೆಗೆ. ಆ ಮುಖಕ್ಕೆ ಅವಳದೇ ಕಣ್ಣು, ಅವಳದೇ ಕಿವಿಯೋಲೆ, ಅವಳದೇ ಹೆಸರು. ಅದರ ಮುಂದೆ ಸೋತವಳಿಗೆ ಹೇಳಿಕೊಳ್ಳಲು ಸಮಾಧಾನದ ಮಾತೇ ಉಳಿದಿಲ್ಲ.

ನಾನು ಬೆಳೆದದ್ದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಕಡೆ ಹೆಣ್ಣಿನ ಮೈಯ ಬಗ್ಗೆ ಆಡುತ್ತಿದ್ದ ಮಾತುಗಳೇ ಬೇರೆಯಾಗಿದ್ದವು. ರಜೆಗೆ ಊರಿಗೆ ಹೋದರೆ ಅಜ್ಜಿ ತೋಳು ಹಿಡಿದು ನೋಡಿ, “ಈ ಸಲ ಮೈಕೈ ತುಂಬಿಕೊಂಡಿದೀಯ, ಮುಖದಲ್ಲಿ ಕಳೆ ಬಂದಿದೆ” ಎಂದರೆ ಅದು ಹೊಗಳಿಕೆ. ಹಾಸ್ಟೆಲಿನಿಂದ ಸಪೂರವಾಗಿ ಬಂದವಳನ್ನು ಕಂಡರೆ ಮನೆಯವರೆಲ್ಲ ಕಂಗಾಲಾಗುತ್ತಿದ್ದರು. ಅಲ್ಲಿ ಊಟ ಸರಿಯಿಲ್ಲವೋ, ಯಾವುದಾದರೂ ಚಿಂತೆಯೋ ಎಂದು ಪಿಸುಗುಟ್ಟಿ, ಮರುದಿನ ಬೆಳಿಗ್ಗೆ ಕಡುಬಿಗೆ ತುಪ್ಪವನ್ನು ಎರಡು ಚಮಚ ಹೆಚ್ಚೇ ಹಾಕುತ್ತಿದ್ದರು. ಆ ಕಾಲ ಸುಖದ ಕಾಲವಾಗಿತ್ತೆಂದು ನಾನು ಹೇಳಲಾರೆ. “ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ” ಎಂಬ ಮಾತನ್ನು ನನ್ನ ಬಗ್ಗೆ ನನ್ನ ಎದುರೇ ಎಷ್ಟು ಜನ ಆಡಿದ್ದಾರೋ ಲೆಕ್ಕವಿಲ್ಲ. ಅವರು ನಿಜವಾಗಿಯೂ ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ಆ ‘ಆದರೂ’ ಇದೆಯಲ್ಲ, ಅದು ಕಾಲಿಗೆ ಹೊಕ್ಕ ಮುಳ್ಳಿನಂತೆ ನನ್ನೊಳಗೆ ಬಹಳ ವರ್ಷ ಇತ್ತು. ಹೊಗಳಿಕೆಯ ನಡುವೆ ಕುಳಿತ ಆ ಒಂದು ಪದವೇ ನನ್ನ ಬಣ್ಣವನ್ನು ಒಂದು ಕೊರತೆಯೆಂದು ನನಗೆ ಮೊದಲು ಕಲಿಸಿದ್ದು, ಯಾವ ಜಾಹೀರಾತೂ ಅಲ್ಲ.

ಪಿ.ಯು.ಸಿ. ಮುಗಿದ ಮೇಲೆ ಮದುವೆಯ ಮಾತು ಬಂದು ತಾಲ್ಲೂಕು ಕೇಂದ್ರದ ಸ್ಟುಡಿಯೋ ಒಂದರಲ್ಲಿ ನನ್ನ ಫೋಟೋ ತೆಗೆಸಿದರು. ಫೋಟೋ ತೆಗೆದವರು ನೆಗೆಟಿವ್ ಅನ್ನು ಬೆಳಕಿನ ಡೆಸ್ಕಿನ ಮೇಲಿಟ್ಟು, ಚೂಪು ಮಾಡಿದ ಸೀಸದ ಕಡ್ಡಿಯಿಂದ ಅದರ ಮೇಲೆ ಬಹಳ ಹಗುರವಾಗಿ ಚುಕ್ಕಿ ಇಡುತ್ತಿದ್ದುದನ್ನು ನಾನು ನಿಂತು ನೋಡಿದೆ. ನೆಗೆಟಿವ್‌ನಲ್ಲಿ ಕಡ್ಡಿ ಕಪ್ಪು ಮಾಡಿದ ಜಾಗ ಕಾಗದದ ಮೇಲೆ ಬೆಳ್ಳಗಾಗಿ ಬರುತ್ತದೆ. ಮೊಡವೆಯ ಗುಳಿ, ಕಣ್ಣಿನ ಕೆಳಗಿನ ಕಪ್ಪು ಎಲ್ಲ ಹೀಗೇ ಮಾಯವಾಗುತ್ತಿದ್ದವು. ಒಂದು ಮುಖಕ್ಕೆ ಅವರು ಅರ್ಧ ಗಂಟೆ ತೆಗೆದುಕೊಂಡರು. ತಿದ್ದುವುದು ಆಗಲೂ ಇತ್ತು ಎಂಬುದಕ್ಕಾಗಿ ಇದನ್ನು ಹೇಳುತ್ತಿದ್ದೇನೆ. ಆದರೆ ತಿದ್ದಿದ ಕೈ ನನಗೆ ಕಾಣುತ್ತಿತ್ತು, ತಿದ್ದುವ ಮೊದಲು ನಾನು ಹೇಗಿದ್ದೆ ಎಂಬುದು ನನಗೂ ಅವರಿಗೂ ಗೊತ್ತಿತ್ತು, ಮತ್ತು ಅಂಥದ್ದು ಬದುಕಿನಲ್ಲಿ ಎರಡೋ ಮೂರೋ ಸಲ ನಡೆಯುತ್ತಿತ್ತು. ಈಗ ದಿನಕ್ಕೆ ಇಪ್ಪತ್ತು ಸಲ ನಡೆಯುತ್ತದೆ, ಕೈ ಕಾಣುವುದಿಲ್ಲ.

ಫಿಜಿ ದ್ವೀಪದಲ್ಲಿ ನಡೆದ ಒಂದು ಅಧ್ಯಯನವನ್ನು ಮೊದಲ ಬಾರಿಗೆ ಓದಿದಾಗ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಹಾರ್ವರ್ಡ್‌ನ ಮನೋವೈದ್ಯೆ ಮತ್ತು ಮಾನವಶಾಸ್ತ್ರಜ್ಞೆ ಆ್ಯನ್ ಬೆಕರ್ ಅಲ್ಲಿನ ನಡ್ರೋಗಾ ಪ್ರಾಂತ್ಯದಲ್ಲಿ ಕೆಲಸ ಮಾಡಿದವರು. ಅಲ್ಲಿಯೂ ತುಂಬಿದ ಮೈ ಎಂದರೆ ಆ ಹೆಣ್ಣನ್ನು ಮನೆಯವರು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಅರ್ಥ. ಯಾರಾದರೂ ಇಳಿದುಹೋದರೆ ಬಂಧುಗಳಿಗೆ ಆತಂಕ. ಆ ಪ್ರದೇಶಕ್ಕೆ ಟಿ.ವಿ. ಬಂದದ್ದು 1995ರಲ್ಲಿ. ಬಂದ ಕೆಲವೇ ವಾರಗಳಲ್ಲಿ ಬೆಕರ್ ಮತ್ತು ಅವರ ಜೊತೆಗಾರರು ಅಲ್ಲಿನ 63 ಶಾಲಾ ಹುಡುಗಿಯರನ್ನು ಊಟ, ತೂಕಗಳ ಬಗೆಗಿನ ಧೋರಣೆಯನ್ನು ಅಳೆಯುವ ಪ್ರಶ್ನಾವಳಿ ಹಿಡಿದು ಮಾತನಾಡಿಸಿದರು. 1998ರಲ್ಲಿ ಅದೇ ವಯಸ್ಸಿನ ಬೇರೆ 65 ಹುಡುಗಿಯರನ್ನು ಕೇಳಿದರು. ಕಾಳಜಿಪಡಬೇಕಾದಷ್ಟು ಹೆಚ್ಚು ಅಂಕ ಬಂದವರು ಮೊದಲು ಶೇ. 12.7ರಷ್ಟಿದ್ದರೆ ಮೂರು ವರ್ಷದ ನಂತರ ಶೇ. 29.2ರಷ್ಟಾಗಿದ್ದರು. ತೂಕ ಇಳಿಸಲೆಂದು ಬೇಕೆಂದೇ ವಾಂತಿ ಮಾಡಿಕೊಳ್ಳುವ ಹುಡುಗಿ ಮೊದಲ ಗುಂಪಿನಲ್ಲಿ ಒಬ್ಬಳೂ ಇರಲಿಲ್ಲ. ಎರಡನೆಯ ಗುಂಪಿನಲ್ಲಿ ಶೇ. 11.3ರಷ್ಟು ಮಂದಿ ಇದ್ದರು. ಇದು 2002ರಲ್ಲಿ ಪ್ರಕಟವಾಯಿತು. ಸಣ್ಣ ಅಧ್ಯಯನ ನಿಜ, ಆ ವರ್ಷಗಳಲ್ಲಿ ಫಿಜಿಯಲ್ಲಿ ಟಿ.ವಿ.ಯೊಂದೇ ಬದಲಾಗಿದ್ದಲ್ಲ ಎಂಬುದೂ ನಿಜ. ಆದರೂ ತಲೆಮಾರುಗಳಿಂದ ಬಂದ ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬ ಹೊಗಳಿಕೆ ಮೂರೇ ವರ್ಷದಲ್ಲಿ ಅಷ್ಟು ಸಡಿಲಗೊಳ್ಳಬಹುದೆಂಬುದನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ. ನಮ್ಮಲ್ಲೂ ಅದು ಸಡಿಲಗೊಂಡಿದೆ. ಈಗ ಆ ಮಾತನ್ನು ಯಾವ ಹುಡುಗಿಗಾದರೂ ಹೇಳಿ ನೋಡಿ, ಆ ರಾತ್ರಿ ಅವಳು ಊಟ ಬಿಡುತ್ತಾಳೆ.

ಬಿಳಿ ಬಣ್ಣದ ವ್ಯಾಪಾರದ ಕಥೆ ಎಲ್ಲರಿಗೂ ತಿಳಿದಿರುವುದರಿಂದ ಬೆಳೆಸುವುದಿಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಅನ್ನು ಕೈಬಿಟ್ಟು ಗ್ಲೋ ಅಂಡ್ ಲವ್ಲಿ ಆಯಿತು. ಅದಕ್ಕೂ ಮೊದಲೇ, 2014ರಲ್ಲಿ, ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿಯು ಕಪ್ಪು ಬಣ್ಣದವರನ್ನು ಸೋತವರಂತೆ, ಮದುವೆಯಾಗದವರಂತೆ, ಕೆಲಸ ಸಿಗದವರಂತೆ ತೋರಿಸಬಾರದೆಂದು ನಿಯಮ ಮಾಡಿತು. ಒಳ್ಳೆಯದೇ ಆಯಿತು. ಆದರೆ ಆ ಹೊತ್ತಿಗೆ ಕೆಲಸ ಜಾಹೀರಾತಿನ ಕೈಯಿಂದ ಫೋನಿನ ಕೈಗೆ ಹೋಗುತ್ತಿತ್ತು. ಫ್ರಾನ್ಸ್‌ನಲ್ಲಿ 2017ರಿಂದ, ರೂಪದರ್ಶಿಯ ಮೈಯನ್ನು ತಿದ್ದಿ ತೆಳ್ಳಗೆಯೋ ದಪ್ಪಗೆಯೋ ಮಾಡಿದ ಜಾಹೀರಾತು ಚಿತ್ರದ ಮೇಲೆ ‘ತಿದ್ದಿದ ಚಿತ್ರ’ ಎಂದು ಬರೆಯುವುದು ಕಡ್ಡಾಯವಾಗಿದೆ. ಹಾಸ್ಟೆಲಿನ ಹುಡುಗಿ ತನ್ನ ಚಿತ್ರವನ್ನು ತಾನೇ ನೋಡಿಕೊಳ್ಳುವಾಗ ಆ ಚೀಟಿ ಅಂಟಿಸುವವರು ಯಾರು?

ಅಗ್ಗದ ಡೇಟಾ 2016ರ ಕೊನೆಯಲ್ಲಿ ನಮ್ಮ ಊರುಗಳಿಗೂ ಬಂತಾದರೂ, ಒಬ್ಬೊಬ್ಬ ಹುಡುಗಿಯ ಕೈಗೂ ಒಂದೊಂದು ಫೋನು ಬಂದದ್ದು 2020ರಲ್ಲಿ, ಕೋವಿಡ್ ಕಾಲದ ಆನ್‌ಲೈನ್ ತರಗತಿಗಳಿಗಾಗಿ. ಮಲೆನಾಡಿನಲ್ಲಿ ಆ ತರಗತಿಗಳು ಹೇಗೆ ನಡೆದವೆಂದು ನಮ್ಮವರಿಗೆ ಹೇಳಬೇಕಿಲ್ಲ: ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ, ಮಳೆಯಲ್ಲಿ ಛತ್ರಿ ಹಿಡಿದು, ಉಂಬಳ ಹತ್ತದಂತೆ ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು ಕುಳಿತ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಆಗ ನನ್ನ ಗಮನಕ್ಕೆ ಬಾರದ ಒಂದು ಸಂಗತಿಯನ್ನು ಆಮೇಲೆ ಒಬ್ಬ ವಿದ್ಯಾರ್ಥಿನಿ ಹೇಳಿದಳು. ತರಗತಿಯ ಉದ್ದಕ್ಕೂ ಪರದೆಯ ಮೂಲೆಯಲ್ಲಿ ತನ್ನದೇ ಮುಖ ಕಾಣುತ್ತಿತ್ತಂತೆ. ನನ್ನ ಮಾತಿಗಿಂತ ಹೆಚ್ಚಾಗಿ ಅವಳು ಆ ಮುಖವನ್ನೇ ನೋಡುತ್ತಿದ್ದಳಂತೆ. ಅದುವರೆಗೆ ಹೆಣ್ಣುಮಕ್ಕಳು ಕನ್ನಡಿ ನೋಡುತ್ತಿದ್ದುದು ತಲೆ ಬಾಚುವ ಹೊತ್ತಿನಲ್ಲಿ, ಹೆಚ್ಚೆಂದರೆ ಹತ್ತು ನಿಮಿಷ. ದಿನಕ್ಕೆ ನಾಲ್ಕು ಗಂಟೆ ತನ್ನ ಮುಖವನ್ನೇ ನೋಡುತ್ತ ಕುಳಿತವಳಿಗೆ, ಅದರಲ್ಲಿ ತಪ್ಪುಗಳಲ್ಲದೆ ಇನ್ನೇನು ಕಂಡೀತು?

ಅದರ ಮೇಲೆ ಆ ಕ್ಯಾಮೆರಾ ತೋರಿಸುವುದು ನಿಜವಾದ ಮುಖವನ್ನೂ ಅಲ್ಲ. ಕೈಯಳತೆಯಲ್ಲಿ ಹಿಡಿದ ಫೋನಿಗೆ ಮೂಗು ಹತ್ತಿರ, ಕಿವಿ ದೂರ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ ಹನ್ನೆರಡು ಅಂಗುಲದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ ಸುಮಾರು ಶೇ. 30ರಷ್ಟು ಹೆಚ್ಚಾಗಿ ಕಾಣುತ್ತದೆ. ಅಂದರೆ ಫೋನು ಮೊದಲು ಮೂಗನ್ನು ದೊಡ್ಡದು ಮಾಡಿ ತೋರಿಸುತ್ತದೆ, ಆಮೇಲೆ ಅದನ್ನು ಸಣ್ಣದು ಮಾಡುವ ಉಪಾಯವನ್ನೂ ತಾನೇ ಕೊಡುತ್ತದೆ. ಎರಡರಲ್ಲಿ ಯಾವುದೂ ಅವಳ ಮೂಗಲ್ಲ. ಈ ಒಂದು ಸಂಗತಿಯನ್ನು ನಮ್ಮ ಜಿಲ್ಲೆಯ ಪ್ರತಿ ಹೈಸ್ಕೂಲಿನಲ್ಲೂ ವಿಜ್ಞಾನದ ಪಾಠದಲ್ಲಿ, ಮಸೂರಗಳ ಅಧ್ಯಾಯದ ಜೊತೆಗೇ ಹೇಳಿಕೊಡಬೇಕೆಂದು ನನ್ನ ಆಸೆ.

ಇನ್ನು ಆ ಪರದೆಯಲ್ಲಿ ಸರಿದುಹೋಗುವ ಬೇರೆಯವರ ಚಿತ್ರಗಳ ಮಾತು. ಯಾವುದನ್ನು ಮೆಚ್ಚಿದಿರಿ ಎಂಬುದಷ್ಟನ್ನೇ ಅಲ್ಲ, ಯಾವುದರ ಮುಂದೆ ಎಷ್ಟು ಹೊತ್ತು ನಿಂತಿರಿ ಎಂಬುದನ್ನೂ ಈ ಆ್ಯಪ್‌ಗಳು ಎಣಿಸುತ್ತವೆ. ಸೊಂಟ ಸಣ್ಣ ಮಾಡುವ ವ್ಯಾಯಾಮದ ವಿಡಿಯೋ ಮುಂದೆ ಒಬ್ಬಳು ಸಂತೋಷದಿಂದ ನಿಂತಳೋ ಸಂಕಟದಿಂದ ನಿಂತಳೋ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ನಿಂತಳು ಎಂಬುದಷ್ಟೇ ಅದಕ್ಕೆ ಸಾಕು, ಅಂಥವೇ ಇನ್ನೂ ನಾಲ್ಕು ಮುಂದೆ ಬರುತ್ತವೆ. ಗಾಯವನ್ನು ಕೆರೆದಷ್ಟೂ ಕೆರೆಯಬೇಕೆನಿಸುವ ಹಾಗೆ ಇದು. 2021ರ ಸೆಪ್ಟೆಂಬರಿನಲ್ಲಿ, ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗನ್ ಹೊರತಂದ ಕಡತಗಳನ್ನು ಆಧರಿಸಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ, ಇನ್‌ಸ್ಟಾಗ್ರಾಂ ನಡೆಸುವ ಸಂಸ್ಥೆಗೆ ತನ್ನದೇ ಆಂತರಿಕ ಸಮೀಕ್ಷೆಯಿಂದ ಏನು ಗೊತ್ತಿತ್ತೆಂಬುದನ್ನು ಪ್ರಕಟಿಸಿತು: ತಮ್ಮ ದೇಹದ ಬಗ್ಗೆ ಬೇಸರವಾದಾಗ ಇನ್‌ಸ್ಟಾಗ್ರಾಂ ಆ ಬೇಸರವನ್ನು ಇನ್ನಷ್ಟು ಹೆಚ್ಚಿಸಿತೆಂದು ಶೇ. 32ರಷ್ಟು ಹದಿಹರೆಯದ ಹುಡುಗಿಯರು ಹೇಳಿದ್ದರು. ಆ ಅಂಕಿಯನ್ನು ಅರ್ಥೈಸಿದ ರೀತಿ ಸರಿಯಲ್ಲವೆಂದು ಸಂಸ್ಥೆ ಉತ್ತರಿಸಿತು. ನನ್ನ ತರಗತಿಯ ಹುಡುಗಿಯರಿಗೆ ಈ ಅಂಕಿಯನ್ನು ಓದಿ ಹೇಳಿದಾಗ ಯಾರೂ ಆಶ್ಚರ್ಯಪಡಲಿಲ್ಲ, “ಅಷ್ಟೇನಾ ಮೇಡಂ?” ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಊಟದ ವಿಚಾರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–20) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು; ಅದರ ಹಿಂದಿನ ಸುತ್ತಿನಲ್ಲಿ ಅದು ಶೇ. 44.8 ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು. ಇಂಥ ನಾಡಿನ ಹುಡುಗಿಯರು ಮಧ್ಯಾಹ್ನದ ಡಬ್ಬಿಯನ್ನು ಬಿಚ್ಚದೆ ವಾಪಸು ಒಯ್ಯುವುದನ್ನು ನಾನು ಕಾಣುತ್ತಿದ್ದೇನೆ. ತೀರ್ಥಹಳ್ಳಿ ಕಡೆಯಿಂದ ದಿನವೂ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಬರುವ ಒಬ್ಬಳ ಡಬ್ಬಿಯಲ್ಲಿ ಅವಳಮ್ಮ ಇಟ್ಟ ಅಕ್ಕಿರೊಟ್ಟಿ, ಬಸಳೆಸೊಪ್ಪಿನ ಪಲ್ಯ ಹಾಗೇ ಇತ್ತು. ಅವಳು ಮಧ್ಯಾಹ್ನಕ್ಕೆ ಕುಡಿದದ್ದು ನಿಂಬೆಹಣ್ಣು ಹಿಂಡಿದ ಬಿಸಿನೀರು. ಅಕ್ಕಿ ತಿಂದರೆ ದಪ್ಪ ಆಗುತ್ತಾರೆಂದು ಒಂದು ನಿಮಿಷದ ವಿಡಿಯೋ ಹೇಳಿತ್ತಂತೆ. ಅಕ್ಕಿಯನ್ನೇ ಉಂಡು ತೋಟ ಗದ್ದೆಗಳಲ್ಲಿ ದುಡಿದ ಹೆಂಗಸರ ಮೊಮ್ಮಗಳು ಅವಳು. ಮೂರು ಗಂಟೆಯ ತರಗತಿಯಲ್ಲಿ ಅವಳು ಮೇಜಿಗೆ ತಲೆಯಿಟ್ಟಳು. ನಿದ್ದೆ ಬಂದಿದೆ ಎಂದುಕೊಂಡು ನಾನು ಗದರಿದೆ. ಅವಳಿಗೆ ಕಣ್ಣು ಕತ್ತಲೆ ಬಂದಿತ್ತು. ಆಸ್ಪತ್ರೆಯಲ್ಲಿ ನೋಡಿದಾಗ ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲಿತ್ತು, ಹನ್ನೆರಡಾದರೂ ಇರಬೇಕಾದದ್ದು. ಅವತ್ತು ಗದರಿದ್ದಕ್ಕೆ ನಾನು ಅವಳ ಕ್ಷಮೆ ಕೇಳಿದ್ದೇನೆ. ಬೇರೆ ಯಾವ ಮಗು ತಲೆಯಿಟ್ಟರೂ ಈಗ ಮೊದಲು ಕೇಳುವುದು ಊಟ ಮಾಡಿದೆಯಾ ಎಂದೇ.

ಮುಖಕ್ಕೆ ಹಚ್ಚುವ ಮುಲಾಮುಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಾಸ್ಟೆಲುಗಳಲ್ಲಿ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹೋಗುವ, ಎಂಟೇ ದಿನದಲ್ಲಿ ಮುಖ ತಿಳಿಯಾಗಿಸುವ ಟ್ಯೂಬುಗಳಲ್ಲಿ ಅನೇಕ ಬಾರಿ ಇರುವುದು ಸ್ಟೀರಾಯ್ಡ್. ವೈದ್ಯರ ಚೀಟಿಯಿಲ್ಲದೆ ಅಂಥದ್ದನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಬಿಸಿಲಿಗೆ ಹೋದರೆ ಉರಿಯುತ್ತದೆ, ಮೊಡವೆಯೂ ಕೂದಲೂ ಬರುತ್ತವೆ, ಬಿಟ್ಟರೆ ಇನ್ನೂ ಕೆಂಪಾಗುವುದರಿಂದ ಬಿಡಲೂ ಆಗುವುದಿಲ್ಲ. ಹಚ್ಚುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಟ್ಯೂಬನ್ನು ಹಿಡಿದುಕೊಂಡೇ ಚರ್ಮರೋಗ ತಜ್ಞರ ಬಳಿಗೆ ಹೋಗಿ. ಮುಚ್ಚಿಡುವಂಥ ನಾಚಿಕೆ ಅದರಲ್ಲಿ ಏನೂ ಇಲ್ಲ.

ಇಷ್ಟೆಲ್ಲವನ್ನು ಫೋನಿನ ತಲೆಗೇ ಕಟ್ಟಿ ನಾವು ಹಿರಿಯರು ಕೈ ತೊಳೆದುಕೊಳ್ಳುವಂತಿಲ್ಲ. ಹೊರಗಿನಿಂದ ಬಂದದ್ದು ಕಿಡಿ; ಸೌದೆಯನ್ನು ಒಟ್ಟಿಟ್ಟವರು ನಾವು. ಮದುವೆಮನೆಯ ಪಂಕ್ತಿಯಲ್ಲಿ ಕುಳಿತು “ಎಂತದೇ, ಇಷ್ಟು ದಪ್ಪ ಆಗಿದೀಯ?” ಎಂದು ಎಲ್ಲರೆದುರು ಕೇಳುವ ಅತ್ತೆ, ‘ಬೆಳ್ಳಗೆ, ತೆಳ್ಳಗೆ ಇರುವ ಕನ್ಯೆ ಬೇಕಾಗಿದ್ದಾಳೆ’ ಎಂದು ಪತ್ರಿಕೆಗೆ ಕೊಡುವ ಅಪ್ಪ, ನನ್ನ ಬಣ್ಣದ ಬಗ್ಗೆ ‘ಆದರೂ’ ಸೇರಿಸಿದ ಬಂಧುಗಳು, ಇವರೆಲ್ಲ ನಮ್ಮವರೇ. ಮಾಧ್ಯಮ ಹೇಳಿದ ಸುಳ್ಳನ್ನು ಮನೆಯೂ ದೃಢಪಡಿಸಿದಾಗ ಮಗು ನಂಬದೆ ಏನು ಮಾಡೀತು? ಇನ್ನು ಕೆಲವರು ಅಕ್ಕಮಹಾದೇವಿಯನ್ನು ಮುಂದಿಟ್ಟುಕೊಂಡು ಉಪದೇಶಿಸುತ್ತಾರೆ. ಅಕ್ಕ ಹುಟ್ಟಿದ ಉಡುತಡಿ ನಮ್ಮದೇ ಶಿಕಾರಿಪುರ ತಾಲ್ಲೂಕಿನದು, ದೇಹದ ಅಭಿಮಾನವನ್ನೇ ಕಳಚಿ ನಡೆದವಳ ಊರಿನವರು ಕನ್ನಡಿ ಮುಂದೆ ಇಷ್ಟು ಹೊತ್ತು ನಿಲ್ಲಬಹುದೇ ಎಂದು. ಅಕ್ಕ ತನಗಾಗಿ ಆರಿಸಿಕೊಂಡ ದಾರಿಯನ್ನು ಹದಿನೆಂಟರ ಹುಡುಗಿಯರ ಬೆನ್ನಿಗೆ ಬೀಸುವ ಬೆತ್ತವಾಗಿ ಮಾಡುವುದನ್ನು ನಾನು ಒಪ್ಪಲಾರೆ. ಅಲಂಕಾರ ಮಾಡಿಕೊಳ್ಳುವ ಸಂತೋಷವೇ ಬೇರೆ, ತನ್ನ ಮುಖವನ್ನು ತಪ್ಪೆಂದು ತಿಳಿಯುವ ದುಃಖವೇ ಬೇರೆ. ದಸರೆಗೆ ಮಲ್ಲಿಗೆ ಮುಡಿದು, ಕಾಡಿಗೆ ತೀಡಿ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಳೆ ಆರಿಸುವ ಹುಡುಗಿಯರನ್ನು ನೋಡಿದರೆ ನನಗೆ ಇಂದಿಗೂ ಖುಷಿಯಾಗುತ್ತದೆ.

ಆ ಮಳೆಗಾಲದ ಕೊನೆಯಲ್ಲಿ ಒಂದು ದಿನ ತರಗತಿಯಲ್ಲಿ ಹೀಗೆ ಮಾಡಿದೆ. ಎಲ್ಲರೂ ಫೋನಿನ ಸೌಂದರ್ಯದ ವ್ಯವಸ್ಥೆಯನ್ನು ನಿಲ್ಲಿಸಿ, ಇಬ್ಬಿಬ್ಬರಾಗಿ, ಹಿಂದಿನ ಕ್ಯಾಮೆರಾದಿಂದ ಐದು ಅಡಿ ದೂರ ನಿಂತು, ಕಿಟಕಿಯ ಬೆಳಕಿನಲ್ಲಿ ಒಬ್ಬರನ್ನೊಬ್ಬರು ಚಿತ್ರ ತೆಗೆಯಬೇಕೆಂದು ಹೇಳಿದೆ. ಯಾರೂ ಯಾರಿಗೂ ಕಳಿಸಬಾರದು, ನೋಡಿಕೊಂಡು ಬೇಕಾದರೆ ಅಳಿಸಬಹುದು ಎಂಬ ಕರಾರಿತ್ತು. ಮೊದಲು ಗದ್ದಲ, ನಗು. ಚಿತ್ರ ನೋಡುವ ಹೊತ್ತಿಗೆ ಕೋಣೆ ಮೌನವಾಯಿತು. ಇಬ್ಬರು ಮೂವರು ತಕ್ಷಣ ಅಳಿಸಿದರು, ಒಬ್ಬಳು ಫೋನನ್ನು ಬೋರಲು ಹಾಕಿಟ್ಟಳು. ಕಿಟಕಿಯ ಬಳಿ ನಿಂತಿದ್ದ ಒಬ್ಬಳು ಮಾತ್ರ ಬಹಳ ಹೊತ್ತು ನೋಡಿ, ತನಗೆ ತಾನೇ ಎಂಬಂತೆ, “ಅಯ್ಯೋ, ಅಮ್ಮನ ಥರ ಕಾಣ್ತಿದೀನಿ” ಎಂದಳು. ಅದು ಸಂತೋಷವೋ ನಿರಾಶೆಯೋ ಎಂದು ನನಗೆ ತಿಳಿಯಲಿಲ್ಲ, ಬಹುಶಃ ಅವಳಿಗೂ ತಿಳಿದಿರಲಿಲ್ಲ. ಫೋನು ಇಷ್ಟು ದಿನ ಅಳಿಸುತ್ತ ಬಂದದ್ದು ಏನನ್ನು ಎಂದು ಆಗ ನನಗೆ ಹೊಳೆಯಿತು. ಅವಳ ಅಗಲ ಮೂಗು ಅವಳ ತಾಯಿಯದು, ತಾಯಿಗೆ ಅದು ಅವಳ ತಾಯಿಯಿಂದ ಬಂದದ್ದಿರಬೇಕು. ಎಲ್ಲ ಮುಖಗಳಿಗೂ ಒಂದೇ ಗದ್ದ, ಒಂದೇ ಮೂಗು ಅಂಟಿಸುವ ಯಂತ್ರಕ್ಕೆ ಮೊದಲು ಬಲಿಯಾಗುವುದು ಮನೆತನದ ಹೋಲಿಕೆ.

ವಿದ್ಯಾರ್ಥಿವೇತನದ ಅರ್ಜಿಯ ಹುಡುಗಿ ನಾನು ಹೇಳಿದ ನಾಲ್ಕನೆಯ ದಿನವೇ ದುರ್ಗಿಗುಡಿಯ ಸ್ಟುಡಿಯೋ ಒಂದರಲ್ಲಿ ಬೇರೆ ಫೋಟೋ ತೆಗೆಸಿಕೊಂಡು ಬಂದಿದ್ದಳು. ಸ್ಟುಡಿಯೋದವರಿಗೆ ಹೇಳಿ ಬಣ್ಣವನ್ನು ತುಸು ತಿಳಿ ಮಾಡಿಸಿದ್ದಳೆಂಬುದು ನೋಡಿದರೆ ತಿಳಿಯುವಂತಿತ್ತು. ನಾನು ಅದರ ಬಗ್ಗೆ ಏನೂ ಕೇಳಲಿಲ್ಲ. ಎಡಗೆನ್ನೆಯ ಮಚ್ಚೆ ತನ್ನ ಜಾಗದಲ್ಲಿತ್ತು. “ಇದು ಪರವಾಗಿಲ್ವಾ ಮೇಡಂ?” ಎಂದು ಎರಡು ಸಲ ಕೇಳಿದಳು. ಹಳೆಯದನ್ನು ಬಿಡಿಸಿ ಹೊಸದನ್ನು ಅಂಟಿಸಿ, ಅಂಚಿನ ಮೇಲೆ ಸಹಿ ಹಾಕಿದೆ. ದೃಢೀಕರಣದ ಮೊಹರು ಅರ್ಧ ಚಿತ್ರದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕೆಂಬುದು ನಿಯಮ. ಶಾಯಿ ಆ ಮಚ್ಚೆಗೆ ತಾಗದಂತೆ, ಮೊಹರನ್ನು ಇನ್ನೊಂದು ಬದಿಯ ಮೂಲೆಗೆ ಸರಿಸಿ ಒತ್ತಿದೆ.